ಸೊಂಟದಿಂದ ಜಾರಿದ ಮೂರು ಕೆಜಿ

ಕಳೆದ ಸೋಮವಾರ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತಿದ್ದ ಇಮಾಮ್ ಸಾಬರ ಜುಬ್ಬದೊಳಗಿಂದ ಒಂದು ಚೀಲ ಜಾರಿ, ಪಾದಕ್ಕೆ ತಾಗಿ, ನೆಲಕ್ಕೆ ಬಿತ್ತು. ಯಂತ್ರದ ಅಂಕಿ ಮೂರು ಕೆಜಿ ಇಳಿಯಿತು.

ಚೀಲದಲ್ಲಿದ್ದದ್ದು ಕೋಟಿನ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಮತ್ತು ಎರಡು ಕಬ್ಬಿಣದ ತುಂಡು. ಹೊಲಿಗೆ ಬಿಚ್ಚಿರಲಿಲ್ಲ (ಹೊನ್ನಾಳಿಯಲ್ಲಿ ಮೂವತ್ತು ವರ್ಷದಿಂದ ಟೈಲರ್ ಆಗಿರುವವರ ಹೊಲಿಗೆ ಅದು). ಚೀಲದ ಪಟ್ಟಿಯನ್ನು ಹಿಡಿದು ನಿಲ್ಲಿಸಲು ಸೊಂಟ ಉಳಿದಿರಲಿಲ್ಲ, ಅಷ್ಟೇ.

ನರ್ಸ್ ಕೇಳಿದರು, "ಏನ್ರೀ ಇದು?"

ಇಮಾಮ್ ಸಾಬರ ಗಂಟಲಿನಿಂದ ದನಿ ಹೊರಡುವುದೇ ಕಷ್ಟ. ಪಿಸುಗುಟ್ಟಿದರು. "ತೂಕ ಇಳಿದ್ರೆ ಕರೆಂಟ್ ನಿಲ್ಲಿಸ್ತೀರಲ್ಲ ತಾಯಿ, ಅದಕ್ಕೆ."

ಕರೆಂಟ್ ಎಂದರೆ ರೇಡಿಯೇಷನ್. ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ಶುರುವಿನಲ್ಲಿ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ವಾರಕ್ಕೆ ಐದು ದಿನ ಚಿಕಿತ್ಸೆ, ಸೋಮವಾರ ಮಾತ್ರ ತೂಕ. ನಾನು ಅವರ ಅಂಗಡಿಯ ಹಳೇ ಗಿರಾಕಿ, ಈಗ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಜೊತೆಗಾರ.

ತೂಕದ ಭಯ ಎಲ್ಲಿಂದ ಬಂತು? ಅದನ್ನು ನಾನೇ ಕಣ್ಣಾರೆ ನೋಡಿದ್ದೆ. ಮೂರು ವಾರದ ಹಿಂದೆ ತೂಕ ಇಳಿದ ಜಗಳೂರಿನ ಒಬ್ಬ ಅಜ್ಜಿಗೆ, ಸರದಿಗೆ ಕಾಯುತ್ತಿದ್ದವರ ಇಡೀ ಬೆಂಚು ಕೇಳುವಂತೆ ಆಸ್ಪತ್ರೆಯವರ ಬೈಗುಳ ಬಿತ್ತು. "ಉಣ್ಣಲ್ಲ ಅಂದ್ರೆ ನಿಲ್ಲಿಸಿ ಮನೆಗೆ ಕಳಿಸ್ತೀವಿ ನೋಡ್ರಿ." ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದ ಅಜ್ಜಿ ಅವರು! ಹೆದರಿಸಿದರೆ ಗಂಟಲು ತೆರೆದುಕೊಳ್ಳುತ್ತದೆಯೇ?

ಗಂಟಲು ತೆರೆಯಲಿಲ್ಲ. ಬೆಂಚು ಮಾತ್ರ ಪಾಠ ಕಲಿಯಿತು. ಒಬ್ಬರು ಲೀಟರ್‌ಗಟ್ಟಲೆ ನೀರು ಕುಡಿದು ಯಂತ್ರ ಹತ್ತಿದರು. ಇನ್ನೊಬ್ಬರು ಸ್ವೆಟರ್ ಮೇಲೆ ಸ್ವೆಟರ್ ಹಾಕಿದರು. ನೀರೂ ಇಳಿಯದ ಇಮಾಮ್ ಸಾಬರು ತಮಗೆ ಬರುವ ಕೆಲಸ ಮಾಡಿದರು. ಚೀಲ ಹೊಲಿದರು.

ವಿಷಯ ಬರೀ ತೂಕದ್ದಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಚಿಕಿತ್ಸೆಗೆ ಮೊದಲು ಅವರ ಮುಖ, ಕುತ್ತಿಗೆಗೆ ಬಿಸಿ ಪ್ಲಾಸ್ಟಿಕ್ ಹಾಳೆ ಒತ್ತಿ ಅಚ್ಚು ತೆಗೆದಿದ್ದರು. ಆ ಮಾಸ್ಕ್ ತೊಡಿಸಿ ಮೇಜಿಗೆ ಬಿಗಿದರೆ ತಲೆ ಅಲುಗಬಾರದು. ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬ ಲೆಕ್ಕವೆಲ್ಲ ಅಂದಿನ ಸ್ಕ್ಯಾನಿನ ಮೇಲೆ. ನಾಲ್ಕನೇ ವಾರದ ಹೊತ್ತಿಗೆ ಗಡ್ಡೆ ಕರಗಿತ್ತು (ನಾವು ಸಂತೋಷಪಟ್ಟಿದ್ದೆವು). ಕೆನ್ನೆ ಒಳಗೆ ಹೋಗಿತ್ತು. ಕುತ್ತಿಗೆ ಸಣ್ಣಗಾಗಿತ್ತು.

ಅದು ಮೊದಲು ಗೊತ್ತಾದದ್ದು ಯಾರಿಗೆ? ಟೈಲರ್‌ಗೆ.

ಎರಡು ವಾರದ ಹಿಂದೆ ಬಸ್ಸಿನಲ್ಲಿ ಹೇಳಿದ್ದರು. "ಪೇಪರ್ನೋರೇ, ಮಾಸ್ಕ್ ಲೂಸ್ ಆಗೈತೆ. ಒಳಗೆ ಗದ್ದ ಆಡತೈತೆ. ಕಾಲರ್ ಹಿಂಗಿದ್ರೆ ನಾನು ಗಿರಾಕಿಗೆ ಕೊಡಂಗಿಲ್ಲ. ಡಾಕ್ಟರಿಗೆ ಹೇಳ್ಲಾ?"

ನಾನು ಏನು ಹೇಳಿದೆ ಗೊತ್ತೇ? "ಸುಮ್ನಿರಿ ಸಾಬ್ರೇ. ಅವ್ರಿಗೆ ಗೊತ್ತಿರಲ್ವಾ? ನಾವು ಹೇಳಾಕೆ ಹೋದ್ರೆ ಬೇಜಾರ್ ಮಾಡ್ಕೊಂತಾರೆ."

ವಾರವಾರ ಇದೇ ಜಾಗದಲ್ಲಿ ಎಲ್ಲರಿಗೂ ಪ್ರಶ್ನೆ ಕೇಳಿ ಎಂದು ಬರೆಯುವವನು ನಾನು.

ಸೋಮವಾರ ಚೀಲ ಬಿದ್ದ ಮೇಲೆ ಡಾಕ್ಟರ್ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾಸ್ಕ್ ತೊಡಿಸಿ, ಅದಕ್ಕೂ ಕುತ್ತಿಗೆಗೂ ನಡುವೆ ಬೆರಳು ತೂರಿಸಿದರು. ಎರಡು ಬೆರಳು ಸಲೀಸಾಗಿ ಹೋದವು. ಬೆರಳು ತೆಗೆಯದೆ ಹಿಂತಿರುಗಿ ನೋಡಿದರು.

ದಿನಾ ಮಾಸ್ಕ್ ಬಿಗಿಯುವ ಟೆಕ್ನಿಷಿಯನ್ ಹೇಳಿದ, "ಸ್ವಲ್ಪ ಸಡಿಲ ಅನ್ಸಿತ್ತು ಮೇಡಂ. ತೂಕ ಸರಿ ಇತ್ತಲ್ಲ ಅಂತ ಬಿಟ್ಟೆ."

ಮುಂದೆ ಮಲಗಿರುವ ಮನುಷ್ಯನ ಕೆನ್ನೆ ಇಳಿದಿದೆ. ಕೈಗೆ ಸಡಿಲ ತಾಗುತ್ತಿದೆ. ಆದರೂ ನಂಬಿದ್ದು ಕಾಗದದ ಮೇಲಿನ ಅಂಕಿಯನ್ನು!

ಡಾಕ್ಟರ್ ಬೈಯಲಿಲ್ಲ. ಪಕ್ಕದಲ್ಲಿ ಕೂತು ವಿವರಿಸಿದರು. "ಕುತ್ತಿಗೆ ಸೊರಗಿದ್ರೆ ಒಳಗಿರೋದೂ ಜರುಗುತ್ತೆ. ಜೊಲ್ಲಿನ ಗ್ರಂಥಿ ಕಿರಣದ ದಾರಿಗೆ ಬರ್ಬಹುದು. ಹಿಂದೆ ಬೆನ್ನುಹುರಿ ಇದೆ. ತೂಕ ಇಳಿದ್ರೆ ಚಿಕಿತ್ಸೆ ನಿಲ್ಲಿಸಲ್ಲ ಅಜ್ಜಾ. ಹೊಸ ಸ್ಕ್ಯಾನ್ ಮಾಡಿ, ಹೊಸ ಮಾಸ್ಕ್ ಮಾಡ್ತೀವಿ."

"ಅಂದ್ರೆ ಅಳತೆ ಹಳೇದು, ಆಳು ಬೇರೆ," ಎಂದರು ಇಮಾಮ್ ಸಾಬರು. "ಇಷ್ಟನ್ನ ಮೊದಲ್ನೇ ದಿನಾನೇ ಯಾಕೆ ಹೇಳ್ಲಿಲ್ಲ ತಾಯಿ?"

ಡಾಕ್ಟರ್ ಹೊಸ ಸ್ಕ್ಯಾನಿಗೆ ಚೀಟಿ ಬರೆದರು.

ಅಂದೇ ಹೊಸ ಅಚ್ಚು ತೆಗೆದರು. ಗುರುವಾರ ಹೊಸ ಲೆಕ್ಕದ ಮೇಲೆ ಚಿಕಿತ್ಸೆ ಶುರುವಾಯಿತು. ಮುಂದೆ ಅವರಿಗೆ ಬಾಯಲ್ಲಿ ಜೊಲ್ಲು ಬರುತ್ತದೆಯೇ, ರೊಟ್ಟಿ ನುಂಗಲು ಆಗುತ್ತದೆಯೇ? "ಕಾದು ನೋಡ್ಬೇಕು," ಎಂದಿದ್ದಾರೆ ಡಾಕ್ಟರ್.

ಬೆದರಿಕೆಯೇ ಬುದ್ಧಿವಾದ ಎಂದುಕೊಂಡವರು, ಅಂಕಿ ನೋಡಿ ಮುಖ ನೋಡದವರು, ಸುಮ್ಮನಿರಿ ಎಂದು ಉಪದೇಶ ಮಾಡಿದ ನಾನು. ನಾವೆಲ್ಲ ಕ್ಷೇಮವಾಗಿದ್ದೇವೆ.

ಆ ಎರಡು ವಾರ ಕಿರಣ ಬಿದ್ದದ್ದು ಎಲ್ಲಿಗೆ ಎಂದು ಇಮಾಮ್ ಸಾಬರು ಕೇಳಿದರೆ, ನಮ್ಮಲ್ಲಿ ಯಾರು ಉತ್ತರ ಹೇಳುತ್ತಾರೆ?