ಅಧ್ಯಕ್ಷರ ಮನೆಯಲ್ಲಿದ್ದ ಮಂಚ

ಖಾನಾಪುರದಲ್ಲಿ ನಮ್ಮದೊಂದು ಸೇವಾ ಮಂಡಳವಿದೆ. ಹಾಸಿಗೆ ಹಿಡಿದವರ ಮನೆಗೆ ಬೇಕಾಗುವ ಸಾಮಾನುಗಳನ್ನು, ಅಂದರೆ ಆಸ್ಪತ್ರೆಯ ಮಂಚ, ವಾಕರ್, ಗಾಲಿಕುರ್ಚಿಗಳನ್ನು, ಕೇಳಿದವರಿಗೆ ಪುಕ್ಕಟೆ ಕೊಟ್ಟು, ಅವರ ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವುದು ಅದರ ಉದ್ದೇಶ. ಕೆಲಸ ಇಷ್ಟೇ. ಇಷ್ಟಕ್ಕೆ ಒಬ್ಬ ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಒಬ್ಬ ಖಜಾಂಚಿ, ಸಲಹೆಯನ್ನು ಯಾರೂ ಕೇಳದ ಒಬ್ಬ ಗೌರವ ಸಲಹೆಗಾರರು ಇದ್ದಾರೆ. ಕಾರ್ಯದರ್ಶಿ ನಾನು.

ನಾನಾಗಿ ಬಯಸಿ ಆದದ್ದಲ್ಲ. ನನ್ನ ಮಾವನವರು ಕೊನೆಗಾಲದಲ್ಲಿ ಆರು ತಿಂಗಳು ಹಾಸಿಗೆ ಹಿಡಿದಿದ್ದರು. ಆಗ ಈ ಮಂಡಳದ ಮಂಚವೊಂದು ನಮ್ಮ ಮನೆಗೆ ಬಂತು. ಕಾಲ ಹತ್ತಿರದ ಹಿಡಿಕೆ ತಿರುಗಿಸಿದರೆ ತಲೆಯ ಭಾಗ ಮೇಲೇಳುವ ಕಬ್ಬಿಣದ ಮಂಚ. ಅದಿಲ್ಲದಿದ್ದರೆ ಅವರಿಗೆ ಒಂದು ಗುಟುಕು ಗಂಜಿ ಕುಡಿಸುವುದೂ ನನ್ನಿಂದ ಆಗುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅದನ್ನು ಸೋಪು ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸಿ, ವಾಪಸ್ ಕೊಡಲು ಹೋದೆ. ಅಧ್ಯಕ್ಷರು ಮಂಚದ ಸುತ್ತ ಒಂದು ಸುತ್ತು ಹಾಕಿದರು. ಸರ್ಕಾರಿ ಇಲಾಖೆಯೊಂದರಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು, ಎಲ್ಲವನ್ನೂ ಒಂದು ಸುತ್ತು ಹಾಕಿಯೇ ನೋಡುವ ರೂಢಿ.

"ಬಾಯಾರ, ಹಿಂಗ ತೊಳದ ತಂದ ಕೊಟ್ಟವರು ನೀವ ಮೊದಲ ನೋಡ್ರಿ" ಎಂದರು. "ಕುಂದರ್ರಿ, ಚಾ ತಗೋರಿ. ನೀವು ಬೆಳಗಾವ್ಯಾಗ ಆಫೀಸಿನ್ಯಾಗ ಅದೀರಿ. ಕನ್ನಡಾ ಬರತೈತಿ, ಮರಾಠೀನೂ ಬರತೈತಿ. ನಮಗ ಇಂಥಾವರ ಬೇಕಾಗಿತ್ರಿ."

ಚಹಾ ಮುಗಿಯುವುದರೊಳಗೆ ನಾನು ಕಾರ್ಯದರ್ಶಿಯಾಗಿದ್ದೆ. ಸಕ್ಕರೆ ಜಾಸ್ತಿಯಾಗಿದ್ದ ಆ ಚಹಾದ ರುಚಿ ನನಗೆ ಇನ್ನೂ ನೆನಪಿದೆ.

ಮೊದಲ ಎರಡು ತಿಂಗಳು ಮಂಡಳದ ಕೋಣೆಯ ಬೋರ್ಡಿನ ಮೇಲೆ ಕನ್ನಡ ಎಲ್ಲಿ ಬರಬೇಕು, ಮರಾಠಿ ಎಲ್ಲಿ ಬರಬೇಕು ಎಂಬ ಚರ್ಚೆಯಲ್ಲಿ ಹೋದವು. ನಮ್ಮೂರಿನಲ್ಲಿ ಇದು ಹೊಸದೇನಲ್ಲ. ಆದರೆ ಕನ್ನಡ ಮೇಲಿರಬೇಕು ಎಂದು ಪಟ್ಟು ಹಿಡಿದ ಉಪಾಧ್ಯಕ್ಷರು ಸಿಟ್ಟು ನೆತ್ತಿಗೇರಿದಾಗ ಮರಾಠಿಯಲ್ಲಿ ಬಯ್ಯುತ್ತಿದ್ದರು, ಮರಾಠಿ ಮೇಲಿರಬೇಕು ಎಂದ ಇನ್ನೊಬ್ಬರು ಅದಕ್ಕೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ನಾನು ಇಬ್ಬರ ನಡುವೆ ಕೂತು, ನಾಳೆ ಬೆಳಿಗ್ಗೆ ರೈಲು ಹಿಡಿಯಬೇಕು, ಮನೆಯಲ್ಲಿ ರೊಟ್ಟಿ ಹಿಟ್ಟು ಮುಗಿದಿದೆ ಎಂದು ಯೋಚಿಸುತ್ತಿದ್ದೆ. ಕೊನೆಗೆ ಬೋರ್ಡು ಬರೆಯುವವನೇ ಬೇಸತ್ತು, ಎರಡನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರೆದು ಹೋದ. ಅಕ್ಷರಗಳು ಎಷ್ಟು ಸಣ್ಣವಾದವೆಂದರೆ ಇವತ್ತಿಗೂ ರಸ್ತೆಯಲ್ಲಿ ನಿಂತು ಅದನ್ನು ಓದಿದವರಿಲ್ಲ.

ಅದು ಮುಗಿಯಿತೆನ್ನುವಷ್ಟರಲ್ಲಿ ವಾಟ್ಸಾಪ್ ಗುಂಪು ಶುರುವಾಯಿತು. ಬೆಳಗಾದರೆ ಗುಲಾಬಿ ಹೂವು, ಉದಯಿಸುವ ಸೂರ್ಯ, ಕೈಮುಗಿದ ಚಿತ್ರ. ಒಮ್ಮೆ ಆ ಹೂವುಗಳ ನಡುವೆ ನಂದಗಡದವರೊಬ್ಬರು, ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ವಾಕರ್ ಬೇಕಿತ್ತು ಎಂದು ಬರೆದಿದ್ದರು. ಅದರ ಕೆಳಗೆ ಸದಸ್ಯರೆಲ್ಲ ಒಬ್ಬರ ಹಿಂದೊಬ್ಬರು ಕೈಮುಗಿದಿದ್ದರು. ವಾಕರ್ ಕೊಟ್ಟವರು ಮಾತ್ರ ಯಾರೂ ಇಲ್ಲ. ಮೂರನೆಯ ದಿನ ನನ್ನ ಕಣ್ಣಿಗೆ ಬಿದ್ದು, ನಾನೇ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಒಯ್ದು ಕೊಟ್ಟು ಬಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ.

ಇನ್ನು ಮಂಚದ ವಿಷಯ. ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಬೆಳಗಾವಿಯ ನನ್ನ ಕಚೇರಿಗೆ ಒಬ್ಬ ಹೆಣ್ಣುಮಗಳು ಹುಡುಕಿಕೊಂಡು ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು, ಕೈಯಲ್ಲಿ ಆಸ್ಪತ್ರೆಯ ಎಕ್ಸ್‌ರೇ ಚೀಲ. ಮರಾಠಿಯ ನಡುವೆ ಅಷ್ಟಿಷ್ಟು ಕನ್ನಡ ಸೇರಿಸಿ ಮಾತಾಡಿದಳು.

"ನರ್ಸಬಾಯಿ ನಿಮ್ಮ ಹೆಸರ ಹೇಳಿದ್ರು. ನಮ್ಮದು ಜಾಂಬೋಟಿ ಬಾಜು ಹಳ್ಳಿ. ನಮ್ಮ ಮನಿಯವರು ಹಂಚ ಸರಿ ಮಾಡಾಕ ಮ್ಯಾಲ ಹತ್ತಿ ಬಿದ್ದ್ರು. ಸ್ವಂಟದ ಎಲುಬ ಮುರದು ಆಪರೇಶನ್ ಆತು. ನಾಳೆ ಮನಿಗಿ ಕಳಸ್ತಾರ. ಡಾಕ್ಟರು, ತಲಿ ಮ್ಯಾಲೆತ್ತೂ ಮಂಚ ಬೇಕು ಅಂತಾರ್ರಿ. ನಮ್ಮನ್ಯಾಗ ಚಾಪಿ ಬಿಟ್ಟರ ಏನಿಲ್ಲ."

"ಈಗ ಹ್ಯಾಂಗದಾರ?" ಎಂದೆ.

"ಸ್ವಂಟದ್ದು ಹೋಗ್ಲಿ ಬಾಯಿ, ಬಿದ್ದಾಗಿಂದ ಮಾತ ಬಿಟ್ಟಾರ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ. ಏನ ಕೇಳಿದ್ರೂ ಹೂಂ ಇಲ್ಲ, ಹಾಂ ಇಲ್ಲ."

ನಾಳೆ ಮಂಚ ಬರುತ್ತದೆ ಎಂದು ಧೈರ್ಯವಾಗಿ ಹೇಳಿ ಕಳಿಸಿದೆ. ಹೇಳಿದ ಮೇಲೆ ಲೆಕ್ಕ ಹಾಕಿದೆ. ನಮ್ಮಲ್ಲಿ ಇರುವುದೇ ಮೂರು ಮಂಚ. ಒಂದು, ವಾಕರ್ ಸಾಲದೆ, ನಂದಗಡದ ಅದೇ ತಾಯಿಯ ಬಳಿಗೆ ಹೋಗಿದೆ. ಎರಡನೆಯದರ ಹಿಡಿಕೆ ಮುರಿದು ಒಂದು ವರ್ಷವಾಗಿದೆ. ಅದನ್ನು ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಸದಸ್ಯರೊಬ್ಬರು ಪುಕ್ಕಟೆ ಮಾಡಿಕೊಡುತ್ತೇನೆ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿ, ಚಪ್ಪಾಳೆ ತೆಗೆದುಕೊಂಡಿದ್ದರು. ಪುಕ್ಕಟೆ ಮಾಡುವವರನ್ನು ಯಾವ ಬಾಯಿಂದ ಕೇಳುವುದು? ಕೂಲಿ ಕೊಟ್ಟು ಬೇರೆ ಕಡೆ ಮಾಡಿಸಿದರೆ ಅವರಿಗೆ ಅವಮಾನ. ಹೀಗಾಗಿ ಮಂಚ ಅವರ ಅಂಗಡಿಯ ಹಿಂದೆ ತುಕ್ಕು ಹಿಡಿಯುತ್ತಿತ್ತು.

ಮೂರನೆಯದು ಅಧ್ಯಕ್ಷರ ಮನೆಯಲ್ಲಿತ್ತು. ಬೇಸಿಗೆಯಲ್ಲಿ, "ನಟ್ಟು ಬೋಲ್ಟು ಚೆಕ್ ಮಾಡ್ತೇನಿ" ಎಂದು ಒಯ್ದಿದ್ದರು. ಫೋನ್ ಮಾಡಿದೆ.

"ಚೆಕಿಂಗ್ ಇನ್ನೂ ನಡದೈತ್ರಿ ಬಾಯಾರ" ಎಂದರು. ಹಿಂದಿನಿಂದ ಟಿವಿಯ ಕ್ರಿಕೆಟ್ ಗದ್ದಲ ಕೇಳುತ್ತಿತ್ತು.

ಸಂಜೆ ರೈಲು ಇಳಿದವಳು ಮನೆಗೆ ಹೋಗದೆ ನೇರವಾಗಿ ಬಜಾರಿನ ಟೇಲರ್ ಬಾಯಿಯ ಅಂಗಡಿಗೆ ಹೋದೆ. ಆಕೆ ನಮ್ಮ ಸಮಿತಿಯಲ್ಲಿರುವ ಇನ್ನೊಬ್ಬ ಹೆಂಗಸು. ಮನೆಮಾತು ಮರಾಠಿ, ಸಿಟ್ಟು ಮಾತ್ರ ನನ್ನಂತೆಯೇ. ನಾನು ಅರ್ಧ ಹೇಳುವಷ್ಟರಲ್ಲಿ ಕತ್ತರಿ ಕೆಳಗಿಟ್ಟು, ಸಾಮಾನು ಸಾಗಿಸುವ ಟೆಂಪೋ ಓಡಿಸುವ ತನ್ನ ಗಂಡನಿಗೆ ಫೋನ್ ಹಚ್ಚಿದಳು.

"ವೈನಿ, ಮಾತಾಡಾಕ ಹೋದ್ರ ಮಾತ ಸಿಗತಾವು" ಎಂದಳು. "ಗಾಡಿ ತಗೊಂಡ ಹೋದ್ರ ಮಂಚ ಸಿಗತೈತಿ. ನಡೀರಿ ಹೋಗೂಣು."

ಅಧ್ಯಕ್ಷರ ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯ ನಟ್ಟನಡುವೆ ಮಂಚ. ಅದರ ತಲೆಯ ಭಾಗವನ್ನು ಹದವಾಗಿ ಎತ್ತಿಕೊಂಡು, ಮೇಲೆ ಕೌದಿ ಹಾಸಿಕೊಂಡು, ಹೊಟ್ಟೆಯ ಮೇಲೆ ಅವಲಕ್ಕಿ ತಾಟು ಇಟ್ಟುಕೊಂಡು ಅವರು ಕ್ರಿಕೆಟ್ ನೋಡುತ್ತಿದ್ದರು. ನಮ್ಮನ್ನು ಕಂಡದ್ದೇ ಒಂದು ಕೈ ಬೆನ್ನಿಗೆ ಹೋಯಿತು.

"ಬರ್ರಿ ಬರ್ರಿ. ಬೆನ್ನಿಂದು ಭಾಳ ತ್ರಾಸ ಆಗೈತ್ರಿ" ಎಂದರು.

ನಾನು ಕಚೇರಿಗೆ ಬಂದಿದ್ದ ಹೆಂಗಸಿನ ಕಥೆ ಹೇಳಿದೆ. ಅವರು ತುಂಬಾ ಮರುಗಿದರು. ನಾಲಿಗೆ ಲೊಚಗುಟ್ಟಿದರು. ಆಮೇಲೆ, "ಕೊಡೂಣ್ರಿ, ಖರೇನ ಕೊಡೂಣು. ಆದ್ರ ಮೀಟಿಂಗಿನ್ಯಾಗ ಠರಾವ್ ಆಗಬೇಕಲ್ಲರೀ? ನಾ ಒಬ್ಬನ ಹ್ಯಾಂಗ ಕೊಡ್ಲಿ? ನಾಳೆ ಯಾರರ ಕೇಳಿದ್ರ?" ಎಂದರು.

ನನಗೆ ಮೈ ಉರಿದುಹೋಯಿತು. ಒಯ್ಯುವಾಗ ಇಲ್ಲದ ಠರಾವು ಕೊಡುವಾಗ ಎಲ್ಲಿಂದ ಬಂತು? ಟೇಲರ್ ಬಾಯಿ ಮಾತ್ರ ತಣ್ಣಗೆ ಕೇಳಿದಳು.

"ಸಾಹೇಬ್ರ, ಮೀಟಿಂಗಿಗೆ ಕೋರಂ ಎಷ್ಟ ಮಂದಿ?"

"ಮೂರು."

"ಅಧ್ಯಕ್ಷರದಾರ, ಕಾರ್ಯದರ್ಶಿ ಅದಾರ, ಮೆಂಬರ್ ನಾ ಅದೇನಿ. ಆತಲ್ಲ?" ಎಂದು ಮಂಚದ ಕಾಲುಕಡೆಗೆ ಕೂತೇಬಿಟ್ಟಳು. ನನ್ನನ್ನೂ ಕೈ ಹಿಡಿದು ಕೂರಿಸಿದಳು. "ಸುರು ಮಾಡ್ರಿ."

ಅಧ್ಯಕ್ಷರು ಅವಲಕ್ಕಿ ಚಮಚ ಹಿಡಿದುಕೊಂಡೇ ನಮ್ಮಿಬ್ಬರನ್ನೂ ನೋಡಿದರು. ಒಳಗಿನಿಂದ ಅವರ ಹೆಂಡತಿ ಹೊರಬಂದರು. "ತಗೊಂಡ ಹೋಗ್ರೆವಾ ಅದನ್ನ. ದಿನಾ ಅದರ ಕಿರ್ ಕಿರ್ ಕೇಳಿ ನನ್ನ ತಲಿ ಕೆಟ್ಟೈತಿ. ಬೆನ್ನಿಲ್ಲ, ಬ್ಯಾನಿಲ್ಲ. ನಿನ್ನಿ ಮಾವಿನ ಗಿಡಾ ಹತ್ತಿದ್ರು" ಎಂದರು.

ಅಧ್ಯಕ್ಷರು ಸೋತರು. ಸೋತವರು ಸುಮ್ಮನಿದ್ದರೆ ನನಗೂ ಮರುಕ ಬರುತ್ತಿತ್ತೇನೋ. ಆದರೆ ಅವರು ಗಂಟಲು ಸರಿಪಡಿಸಿಕೊಂಡು, "ಹಂಗಾದ್ರ ಠರಾವ್ ನಾನ ಸೂಚಿಸ್ತೇನಿ. ಅನುಮೋದನ ನೀವು ಕೊಡ್ರಿ ಬಾಯಾರ" ಎಂದರು. ಕೊಟ್ಟೆ. ಟೆಂಪೋಗೆ ಮಂಚ ಏರಿಸುವಾಗ ಮಳೆ ಜೋರಾಗಿತ್ತು. ತಾಡಪತ್ರಿ ಹೊದಿಸಿ ಕಟ್ಟಿದೆವು. ಅಧ್ಯಕ್ಷರು ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತು, ಹಗ್ಗ ಎಲ್ಲೆಲ್ಲಿ ಬಿಗಿಯಬೇಕೆಂದು ಹೇಳುತ್ತಿದ್ದರು.

ಮರುದಿನ ರಜೆ ಹಾಕಿ ಟೆಂಪೋದಲ್ಲಿ ಹೊರಟೆ. ಟೇಲರ್ ಬಾಯಿಯೂ ಅಂಗಡಿ ಮುಚ್ಚಿ ಬಂದಳು. ಹಳ್ಳಿ ಮುಟ್ಟುವಷ್ಟರಲ್ಲಿ ಆಸ್ಪತ್ರೆಯ ಗಾಡಿ ನಮಗಿಂತ ಮುಂಚೆ ಬಂದು ನಿಂತಿತ್ತು. ಮನೆಯ ಬಾಗಿಲು ಸಣ್ಣದು, ಮಂಚ ಒಳಗೆ ಹೋಗಲಿಲ್ಲ. ಅಡ್ಡ ಮಾಡಿದರು, ಉದ್ದ ಮಾಡಿದರು, ಕೊನೆಗೆ ಕಾಲು ಬಿಚ್ಚಿದರು. ಬಿದ್ದವನ ತಮ್ಮ, ಪಕ್ಕದ ಮನೆಯವರು, ಟೇಲರ್ ಬಾಯಿಯ ಗಂಡ ಎಲ್ಲರೂ ಒಮ್ಮೆಗೇ ಸೂಚನೆ ಕೊಡುತ್ತಿದ್ದರು. ಅಷ್ಟೂ ಹೊತ್ತು ಆ ಮನುಷ್ಯ ಗಾಡಿಯಲ್ಲಿ ಕಣ್ಣು ಮುಚ್ಚಿಕೊಂಡೇ ಮಲಗಿದ್ದ. ಗಟ್ಟಿಮುಟ್ಟಾದ ಆಳು. ಗಡ್ಡ ಬೆಳೆದಿತ್ತು. ಎತ್ತಿ ತಂದು ಮಲಗಿಸುವಾಗ ನೋವಾಗಿರಬೇಕು, ಅದಕ್ಕೂ ಸದ್ದಿಲ್ಲ.

ನಾನು ಅವನ ಹೆಂಡತಿಗೆ ಹಿಡಿಕೆ ತಿರುಗಿಸುವುದನ್ನು ತೋರಿಸಿಕೊಟ್ಟೆ. ಆಕೆ ಹೆದರುತ್ತ ಹೆದರುತ್ತ ತಿರುಗಿಸಿದಳು. ತಲೆಯ ಭಾಗ ಮೆಲ್ಲಗೆ ಎದ್ದಿತು. ಮಂಚ ಬಾಗಿಲಿಗೆ ನೇರವಾಗಿತ್ತು, ಬಾಗಿಲಾಚೆ ಅವರ ಗದ್ದೆ. ಗೊರಬು ಹೊದ್ದ ಹೆಂಗಸರು ಮಳೆಯಲ್ಲಿ ಬಗ್ಗಿ ಭತ್ತದ ನಾಟಿ ಮಾಡುತ್ತಿದ್ದರು. ಆತ ಕಣ್ಣು ತೆರೆದ. ಬಹಳ ಹೊತ್ತು ನೋಡಿದ. ಆಮೇಲೆ ತಮ್ಮನ ಕಡೆ ತಿರುಗಿ, ಮರಾಠಿಯಲ್ಲಿ, ಇದೇನು ನಾಟಿಯೋ ದನ ತುಳಿದಿದ್ದೋ, ಅಷ್ಟು ಒತ್ತೊತ್ತಾಗಿ ಹಚ್ಚಿದರೆ ತೆನೆ ಎಲ್ಲಿಂದ ಬರುತ್ತದೆ, ನಾನು ಬಿದ್ದ ಮೇಲೆ ಈ ಮನೆಯಲ್ಲಿ ಕಣ್ಣಿದ್ದವರು ಯಾರೂ ಉಳಿದಿಲ್ಲವೇ ಎಂದು ಒಂದೇ ಉಸಿರಿಗೆ ಬೈದ.

ತಮ್ಮ ಗದ್ದೆಗೆ ಓಡಿದ. ಹೆಂಡತಿ ಹಿಡಿಕೆ ಬಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದೆ. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು.

"ಬೈಯಾಕ ಸುರು ಮಾಡಿದ್ರು ಬಾಯಿ" ಎಂದಳು. "ಇನ್ನ ನನಗ ಚಿಂತಿಲ್ಲ."

ಬರುವಾಗ ಟೆಂಪೋದಲ್ಲಿ, ಇಂಥ ಒಂದು ಮಧ್ಯಾಹ್ನ ಸಿಕ್ಕರೆ ಮಂಡಳದ ಎಲ್ಲ ತಾಪತ್ರಯ ಸಹಿಸಬಹುದು ಎಂದು ನನಗೆ ಅನಿಸಿದ್ದು ನಿಜ. ಆ ಅನಿಸಿಕೆ ಮುಂದಿನ ಭಾನುವಾರದವರೆಗೆ ಉಳಿಯಿತು.

ಭಾನುವಾರ ಸರ್ವಸಾಧಾರಣ ಸಭೆ. ಉಪಾಧ್ಯಕ್ಷರೊಬ್ಬರು ಎದ್ದು ನಿಂತು, ನಮ್ಮ ಅಧ್ಯಕ್ಷರು ತಮ್ಮ ಬೆನ್ನುನೋವನ್ನೂ ಲೆಕ್ಕಿಸದೆ ತಾವು ಮಲಗುತ್ತಿದ್ದ ಮಂಚವನ್ನೇ ಬಡವರಿಗೆ ಬಿಟ್ಟುಕೊಟ್ಟರು, ಇಂಥ ತ್ಯಾಗ ಈ ಕಾಲದಲ್ಲಿ ಎಲ್ಲಿದೆ ಎಂದರು. ಶಾಲು ಬಂತು, ಗಂಧದ ಹಾರ ಬಂತು. ಅಧ್ಯಕ್ಷರು ತಲೆ ಬಾಗಿಸಿದರು. ಟೇಲರ್ ಬಾಯಿ ನನ್ನ ತೊಡೆ ಚಿವುಟಿದಳು, ಅದು ನಗಬೇಡ ಎಂದೋ, ಹೊಡಿ ಎಂದೋ ತಿಳಿಯಲಿಲ್ಲ.

ನಾನು ಎದ್ದು ನಿಂತು ಹೇಳಿದೆ: "ನಾ ಕಾರ್ಯದರ್ಶಿ ಕೆಲಸ ಬಿಡ್ತೇನ್ರಿ. ನನಗ ಸಾಕಾಗೇತಿ."

ಅಧ್ಯಕ್ಷರು ಶಾಲು ಸರಿಪಡಿಸಿಕೊಂಡು, ನಿಜವಾದ ಕಕ್ಕುಲಾತಿಯಿಂದಲೇ, "ಬಾಯಾರ ದಣದಾರ. ಈ ವಿಷಯ ಮುಂದಿನ ಮೀಟಿಂಗಿಗೆ ಇಡೂಣು" ಎಂದರು. ಮುಂದಿನ ಸಭೆಯ ದಿನ ಮೂರು ಮದುವೆಗಳಿದ್ದವು. ಯಾರೂ ಬರಲಿಲ್ಲ. ಅದರ ಮುಂದಿನದಕ್ಕೆ ನಾನೇ ಹೋಗಲಿಲ್ಲ, ಆ ದಿನ ಪೀರನವಾಡಿಗೆ ಗಾಲಿಕುರ್ಚಿ ಮುಟ್ಟಿಸಬೇಕಿತ್ತು. ಹೀಗೆ ನನ್ನ ರಾಜೀನಾಮೆ ಇನ್ನೂ ಯಾವ ಸಭೆಯ ಮುಂದೂ ಬಂದಿಲ್ಲ.

ದೀಪಾವಳಿ ಕಳೆದ ಮೇಲೆ ಆ ಗಂಡ ಹೆಂಡತಿ ಮಂಚ ತಂದರು. ಆತ ಕೋಲು ಊರಿಕೊಂಡು ಟೆಂಪೋದ ಮುಂದಿನ ಸೀಟಿನಿಂದ ತಾನೇ ಇಳಿದ. ಯಾರನ್ನೂ ಹತ್ತಿರ ಬರಗೊಡಲಿಲ್ಲ. ಹೆಂಡತಿ ಹೊಸ ಅಕ್ಕಿಯ ಸಣ್ಣ ಗಂಟು ನನ್ನ ಕೈಗಿಟ್ಟಳು. ಬೆಳೆ ಹೇಗಾಯಿತು ಎಂದು ಕೇಳಿದೆ. ಆತ ತಮ್ಮನನ್ನು ನೆನೆಸಿಕೊಂಡು ಮತ್ತೊಮ್ಮೆ ಬೈಯತೊಡಗಿದ. ಆಕೆ ಅವನ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ನನಗೆ, ನೋಡಿದಿರಾ ಎಂದಳು.

ಮಂಡಳದ ಕೋಣೆಗೆ ಬೀಗ ಹಾಕಿತ್ತು. ಕೀಲಿಕೈ ಖಜಾಂಚಿಯ ಹತ್ತಿರ, ಖಜಾಂಚಿ ಗೋವಾದಲ್ಲಿ ಮದುವೆಗೆ. ಫೋನ್ ಮಾಡಿದರೆ, "ಎರಡ ದಿನಾ ತಡೀರಿ ಮೇಡಂ, ಬಂದಬಿಡ್ತೇನಿ" ಎಂದರು. ಮಂಚ ನಮ್ಮ ಮನೆಯ ಕಟ್ಟೆಯ ಮೇಲೆ ಇಳಿಯಿತು. ಅಕ್ಕಪಕ್ಕದವರು ನಮ್ಮ ಮನೆಯಲ್ಲಿ ಯಾರಿಗೆ ಏನಾಯಿತೆಂದು ವಿಚಾರಿಸಲು ಬಂದರು. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಎರಡು ದಿನ ಎಂದವರು ವಾರದ ಮೇಲೆ ಬಂದರು. ಅವರು ಕೀಲಿಕೈ ತರುವ ಹೊತ್ತಿಗೆ ಮಂಚ ಹಾಸಿಗೆ ಹಿಡಿದ ಇನ್ನೊಬ್ಬರ ಮನೆಗೆ ಹೋಗಿಯಾಗಿತ್ತು.