ಮಾಲ್‌ಸೂನ್ ಅವರ ಗಂಟಲು ಕಟ್ಟಿದ ದಿನ

ಬೆಳಗಿನ ಐದೂವರೆಯ ಚಳಿ. ಗುಮಿ ಊರಿನ ಇಂದೊಂಗ್ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತ ಟಾಕ್ ಮಾಲ್‌ಸೂನ್ ಬಲಗೈಯ ಉಣ್ಣೆಯ ಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆಯುತ್ತಾರೆ. ಎಡಗೈಯಲ್ಲಿ ಒಂದು ಫೋನಿದೆ. ಅದಕ್ಕೆ ಗುಂಡಿಗಳಿಲ್ಲ, ಮುಂಭಾಗವೆಲ್ಲ ಗಾಜು. ಕಂಪನಿಯ ಹೆಸರಿರಬೇಕಾದ ಜಾಗಕ್ಕೆ ಕಪ್ಪು ಟೇಪು ಅಂಟಿಸಿದ್ದಾರೆ. ಗಾಜಿನ ಮೇಲೆ ಬೆರಳಿಟ್ಟು ಒತ್ತುತ್ತಾರೆ, ಏನೂ ಆಗುವುದಿಲ್ಲ. ಬೆರಳಿಗೆ ಬಿಸಿ ಉಸಿರು ಊದಿ, ಕೋಟಿಗೆ ಒರೆಸಿ ಮತ್ತೆ ಒತ್ತುತ್ತಾರೆ. ಈ ಸಲ ಗಾಜು ಬೆಳಗಿ, ಊರಿನ ಇನ್ನೊಂದು ತುದಿಯ ಕಚೇರಿಯಲ್ಲಿ ಆಕಳಿಸುತ್ತಿರುವ ಸಹೋದ್ಯೋಗಿ ನೋ ಬೋಕ್‌ಹಿಯ ಮುಖ ಮೂಡುತ್ತದೆ.

“ಬಾಯಿಗೆ ಕೈ ಅಡ್ಡ ಇಟ್ಕೊಂಡು ಆಕಳಿಸೇ. ಕೊನೇ ಹಲ್ಲಿನ ಹುಳುಕೂ ಕಾಣ್ತಿದೆ” ಎನ್ನುತ್ತಾರೆ ಮಾಲ್‌ಸೂನ್.

“ಹುಳುಕು ಕಾಣ್ತಿದೆ ಅಂದ್ರೆ ಚಿತ್ರ ಸ್ಪಷ್ಟ ಅಂತ ಬರ್ಕೊಳ್ಳಲಾ ಅಕ್ಕ?” ಎನ್ನುತ್ತಾಳೆ ಬೋಕ್‌ಹಿ.

ಅವರ ದಿನದ ಕೆಲಸ ಶುರುವಾಗುವುದು ಹೀಗೆ. ಐವತ್ತಾರು ವರ್ಷದ ಮಾಲ್‌ಸೂನ್ ಇನ್ನೂ ಮಾರುಕಟ್ಟೆಗೆ ಬಾರದ ಫೋನುಗಳನ್ನು ಪರೀಕ್ಷಿಸುತ್ತಾರೆ. ಒಬ್ಬರ ಮುಖ ಒಬ್ಬರು ನೋಡುತ್ತ ಮಾತಾಡುವ ಈ ವಿಡಿಯೋ ಕರೆ ನಮ್ಮಲ್ಲಿ ಬಂದು ವರ್ಷವಷ್ಟೇ ಆಗಿದೆ. ಟಿವಿಯ ಜಾಹೀರಾತಿನಲ್ಲಿ ಪ್ರೇಮಿಗಳು ಸಮುದ್ರ ತೋರಿಸಿಕೊಂಡು ನಗುತ್ತಾರೆ. ಆದರೆ ಗುಮಿಯಿಂದ ಸೊನ್‌ಸಾನ್ ಸಂತೆಗೆ ಹೋಗುವ ಬಸ್ಸಿನಲ್ಲಿ, ಸೇತುವೆಯ ಮೇಲೆ, ಮೀನಿನಂಗಡಿಯ ತಗಡಿನ ಸೂರಿನ ಕೆಳಗೆ ಆ ಮುಖ ಎಲ್ಲಿ ನಿಂತುಹೋಗುತ್ತದೆ, ದನಿ ಎಲ್ಲಿ ಹರಿದುಹೋಗುತ್ತದೆ ಎಂದು ಯಾರಾದರೂ ಓಡಾಡಿ ನೋಡಬೇಕಲ್ಲ. ಅದನ್ನು ನೋಡುವವರು ಇವರು. ದಿನಕ್ಕೆ ಆರೇಳು ಬಸ್ಸು ಹತ್ತಿಳಿಯುತ್ತಾರೆ. ಪಕ್ಕದಲ್ಲಿ ಕುಳಿತವರು ತಲೆಯೆತ್ತಿಯೂ ನೋಡುವುದಿಲ್ಲ. ಫೋನು ತಯಾರಿಸುವ ಊರಿನಲ್ಲಿ ಫೋನು ಕಂಡು ಬೆರಗಾಗುವವರು ಯಾರು?

ಕಂಪನಿಯ ಹೆಸರು ಬರೆಯಬಾರದು ಎಂಬ ಷರತ್ತಿನ ಮೇಲೆ ನಾನು ಒಂದು ವಾರ ಅವರ ಜೊತೆ ಓಡಾಡಿದ್ದೇನೆ. ಬಸ್ಸು ಹತ್ತಿದ ಮಾಲ್‌ಸೂನ್ ಬಾಯಿ ಮುಚ್ಚುವುದಿಲ್ಲ. ಮೂಲಂಗಿಯ ರೇಟು, ಹಿಂದಿನ ದಿನದ ಧಾರಾವಾಹಿ, ಸೊಸೆಯ ಹೊಸ ಕೇಶಾಲಂಕಾರ ಎಲ್ಲವೂ ಬೋಕ್‌ಹಿಗೆ ವರದಿಯಾಗುತ್ತದೆ. ಮಾತಾಡುತ್ತಲೇ ಇರುವುದು ಪರೀಕ್ಷೆಯ ಭಾಗ. ಆದರೆ ಅದನ್ನು ಇಷ್ಟು ಖುಷಿಯಿಂದ ಮಾಡುವವರು ಬೇರೆ ಯಾರೂ ಇಲ್ಲವೆಂದು ಬೋಕ್‌ಹಿಯ ದೂರು.

ಹದಿನಾರನೆಯ ವಯಸ್ಸಿಗೆ ಅವರು ಇಲ್ಲಿನ ಬಟ್ಟೆ ಗಿರಣಿಗೆ ಸೇರಿದರು. ಆಮೇಲೆ ಟಿವಿ ಜೋಡಿಸುವ ಸಾಲಿನಲ್ಲಿ ನಿಂತರು. ಆ ಕಾರ್ಖಾನೆ ಮುಚ್ಚಿದಾಗ ಶಾಲೆಯೊಂದರ ಅಡುಗೆಮನೆಯಲ್ಲಿ ಸೌಟು ಹಿಡಿದರು. ಗಾಜು ಒತ್ತುವ ಫೋನುಗಳು ಬಂದಾಗ ಕಂಪನಿಗೆ ಹೊಸ ತಲೆನೋವು ಶುರುವಾಯಿತು. ಕಚೇರಿಯವರ ನುಣುಪಾದ ಬೆರಳು ಮುಟ್ಟಿದರೆ ಕೆಲಸ ಮಾಡುತ್ತಿದ್ದ ಗಾಜು, ಪಾತ್ರೆ ತಿಕ್ಕಿ, ಕಿಮ್ಚಿ ಉಪ್ಪಿನಕಾಯಿಗೆ ಖಾರ ಹಚ್ಚಿ ದಡ್ಡುಗಟ್ಟಿದ ಬೆರಳಿಗೆ ಕೆಲವೊಮ್ಮೆ ಜಗ್ಗುತ್ತಿರಲಿಲ್ಲ. ಅಂಥ ಬೆರಳಿನವರು ಬೇಕೆಂದು ಹುಡುಕಿದಾಗ ಮಾಲ್‌ಸೂನ್ ಸಿಕ್ಕರು. “ಜೀವಮಾನವೆಲ್ಲ ಕೈ ಒರಟಾಯ್ತು ಅಂತ ಅತ್ತಿದ್ದೆ. ಕೊನೆಗೆ ಕೆಲಸ ಕೊಡಿಸಿದ್ದೂ ಅದೇ ಕೈ” ಎಂದು ಅಂಗೈ ಬಿಡಿಸಿ ತೋರಿಸುತ್ತಾರೆ.

ಆ ಕೈಗಳಿಗೆ ಇನ್ನೊಂದು ವಿದ್ಯೆ ಗೊತ್ತು. ಅವರ ತಮ್ಮ ಚೂನ್‌ಶಿಕ್ ಹುಟ್ಟಿನಿಂದ ಕಿವುಡ. ಅಮ್ಮ ಸಂತೆಯಲ್ಲಿ ಹೊರೆ ಹೊರುತ್ತಿದ್ದಾಗ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವರು ಮಾಲ್‌ಸೂನ್. ಅಕ್ಕ ತಮ್ಮ ತಮ್ಮಷ್ಟಕ್ಕೆ ಕೈಸನ್ನೆಗಳನ್ನು ಕಟ್ಟಿಕೊಂಡಿದ್ದರು. ಹನ್ನೆರಡನೆಯ ವಯಸ್ಸಿಗೆ ಅವನನ್ನು ದೇಗುವಿನ ಕಿವುಡರ ಶಾಲೆಗೆ ಸೇರಿಸಿದ ಮೇಲೆ, ರಜೆಗೆ ಬಂದಾಗಲೆಲ್ಲ ಅವನೇ ಅಕ್ಕನಿಗೆ ಸರಿಯಾದ ಸನ್ನೆಭಾಷೆ ಕಲಿಸಿದ. ಈಗ ಅವನಿಗೆ ಐವತ್ತು. ಗುಮಿ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಸಹಿಯ ಬದಲು ಒತ್ತುವ ಮುದ್ರೆಗಳನ್ನು ಕೆತ್ತುವ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಂಡತಿ ಒಕ್‌ಬುನ್‌ಗೂ ಕಿವಿ ಕೇಳಿಸುವುದಿಲ್ಲ. ಆಕೆಯನ್ನು ಯಾರೂ ಶಾಲೆಗೆ ಕಳಿಸಲಿಲ್ಲ, ಓದಲು ಬರೆಯಲು ಬಾರದು. ಇರುವ ಮಾತೆಲ್ಲ ಕೈಯಲ್ಲಿ, ಮುಖದಲ್ಲಿ.

ಕಳೆದ ಶರತ್ಕಾಲದಲ್ಲಿ ಒಕ್‌ಬುನ್‌ಗೆ ಕ್ಷಯ ಎಂದು ಗೊತ್ತಾಯಿತು. ದಕ್ಷಿಣದ ಕರಾವಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ತಿಂಗಳಿಗೊಮ್ಮೆ ಚೂನ್‌ಶಿಕ್ ಅಂಗಡಿ ಮುಚ್ಚಿ ರೈಲು ಹತ್ತಿ ಹೋಗುತ್ತಿದ್ದ. ಗಾಜಿನ ಕಿಟಕಿಯ ಆಚೆ ಅವಳು, ಈಚೆ ಇವನು. ಉಳಿದವರೆಲ್ಲ ಗಾಜಿಗೆ ಬಾಯಿಯಿಟ್ಟು ಕೂಗಿ ಸುಸ್ತಾಗುತ್ತಿದ್ದರೆ ಇವರಿಬ್ಬರದು ಮಾತ್ರ ಸರಾಗ ಮಾತುಕತೆ. ಕಷ್ಟವಿದ್ದದ್ದು ನಡುವಿನ ದಿನಗಳಲ್ಲಿ. ಅವನು ಸಂದೇಶ ಕಳಿಸಿದರೆ ಅವಳಿಗೆ ಓದಲು ಬಾರದು, ನರ್ಸು ಓದಿ ಹೇಳಿದರೆ ಕೇಳಿಸದು. ನರ್ಸು ಪಾಪ ಒಂದು ಅನ್ನದ ಬಟ್ಟಲು ಬರೆದು, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ ತೋರಿಸುತ್ತಿದ್ದಳಂತೆ. ಊಟ ಆಯಿತಾ ಎಂದು ಗಂಡ ಕೇಳಿದ್ದಾನೆ ಎಂಬ ಅರ್ಥದಲ್ಲಿ. ಆಸ್ಪತ್ರೆಯವರು ಇನ್ನೂ ಊಟ ಕೊಡಬೇಕೋ ಬೇಡವೋ ಎಂದು ಕೇಳುತ್ತಿದ್ದಾರೆಂದು ತಿಳಿದು ಒಕ್‌ಬುನ್ ಬೇಡವೆಂದು ತಲೆಯಾಡಿಸುತ್ತಿದ್ದಳು.

ಹೊಸ ಫೋನು ಅಂಗಡಿಗೆ ಬಂದ ದಿನವೇ ಎರಡು ಕೊಂಡು ತಮ್ಮನಿಗೊಂದು, ಅವನ ಹೆಂಡತಿಗೊಂದು ಕೊಡಬೇಕೆಂದು ಮಾಲ್‌ಸೂನ್ ಆಗಲೇ ತೀರ್ಮಾನಿಸಿದ್ದರು. ಅದಕ್ಕೇ ಆ ಚಳಿಗಾಲವೆಲ್ಲ ಅವರು ಬಸ್ಸು ಹತ್ತಿಳಿದದ್ದು ಸಂಬಳಕ್ಕಾಗಿ ಮಾತ್ರ ಆಗಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅವರ ಗಂಟಲು ಕಟ್ಟಿತು. ಪಿಸುಮಾತೂ ಹೊರಡುತ್ತಿರಲಿಲ್ಲ. ರಜೆ ಹಾಕುವ ಮನಸ್ಸಿಲ್ಲದೆ ನಿಲ್ದಾಣಕ್ಕೆ ಬಂದು ಬೋಕ್‌ಹಿಗೆ ಕರೆ ಮಾಡಿ, ಗಂಟಲು ತೋರಿಸಿ ಕೈಯಾಡಿಸಿದರು. ಬೋಕ್‌ಹಿಯೂ ತಮಾಷೆಗೆ ಬಾಯಿಗೆ ಬೀಗ ಹಾಕಿಕೊಂಡಂತೆ ಮಾಡಿ ಕೈಸನ್ನೆಯಲ್ಲೇ ಉತ್ತರಿಸತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ಕರೆ ತುಂಡಾಯಿತು. ಮತ್ತೆ ಮಾಡಿದರು, ಮತ್ತೆ ತುಂಡಾಯಿತು. ಸೇತುವೆಯ ಮೇಲೂ ಅದೇ, ಸಂತೆಯಲ್ಲೂ ಅದೇ. ಮಧ್ಯಾಹ್ನದ ಹೊತ್ತಿಗೆ ಗುಟ್ಟು ಹೊಳೆದದ್ದು ಬೋಕ್‌ಹಿಗೆ. ಕಚೇರಿಗೆ ಬಂದ ಮಾಲ್‌ಸೂನ್‌ಗೆ ಅವಳು ಹೇಳಿದಳು: “ಅಕ್ಕ, ನಾವಿಬ್ರೂ ಸುಮ್ನಿದ್ದಾಗಲೇ ಕಟ್ ಆಗೋದು. ಈ ಫೋನಿಗೆ ನಿಮ್ಮ ಹರಟೆ ಅಭ್ಯಾಸ ಆಗ್ಬಿಟ್ಟಿದೆ.”

ಮಾಲ್‌ಸೂನ್‌ಗೆ ನಗು ಬರಲಿಲ್ಲ.

ಇಬ್ಬರೂ ಇಂಜಿನಿಯರ್ ಬೋಂಗ್ ಸಾಂಗ್‌ಗ್ಯು ಅವರ ಮೇಜಿನ ಹತ್ತಿರ ಹೋದರು. ಬೋಂಗ್ ಒಳ್ಳೆಯ ಮನುಷ್ಯ, ಪರೀಕ್ಷೆ ಮಾಡುವ ಹೆಂಗಸರನ್ನೆಲ್ಲ ಚಿಕ್ಕಮ್ಮ ಎಂದೇ ಕರೆಯುವವರು. ಅದು ಕೆಟ್ಟಿರುವುದಲ್ಲ, ಬೇಕೆಂದೇ ಹಾಗೆ ಮಾಡಿದ್ದು ಎಂದು ಅವರು ವಿವರಿಸಿದರು. ಜನ ವಿಡಿಯೋ ಕರೆ ಮುಗಿಸುವುದನ್ನು ಮರೆತು ಫೋನನ್ನು ಜೇಬಿಗಿಟ್ಟುಕೊಂಡರೆ ಬ್ಯಾಟರಿ ಬರಿದಾಗುತ್ತದೆ. ಆದ್ದರಿಂದ ಎರಡೂ ಕಡೆ ಸ್ವಲ್ಪ ಹೊತ್ತು ಫೋನಿನ ಹತ್ತಿರದಲ್ಲೇ ಮನುಷ್ಯರ ದನಿ ಕೇಳದಿದ್ದರೆ ಫೋನು ತಾನೇ ಕರೆ ಮುಗಿಸುತ್ತದೆ. ಈ ಉಪಾಯ ಬೋಂಗ್ ಅವರದೇ. ಮೇಲಿನವರು ಮೆಚ್ಚಿ ಬೆನ್ನು ತಟ್ಟಿದ್ದರು.

“ಇಬ್ರೂ ಮಾತಾಡ್ತಿಲ್ಲ ಅಂದ್ರೆ ಅದು ಮರೆತುಹೋದ ಕರೆ ಅಂತಲೇ ಲೆಕ್ಕ, ಚಿಕ್ಕಮ್ಮ” ಎಂದರು ಬೋಂಗ್.

ಮಾಲ್‌ಸೂನ್ ಇಲ್ಲದ ದನಿಯನ್ನು ಎಳೆದು ತಂದು ಹೇಳಿದರು: “ನನ್ನ ತಮ್ಮ ಐವತ್ತು ವರ್ಷದಿಂದ ಮಾತಾಡಿಲ್ಲ ಸಾರ್. ಅವನೂ ಮರೆತುಹೋದವನಾ?”

ಅಂದು ಸಂಜೆ ಬೋಂಗ್ ವಿಭಾಗದ ಮುಖ್ಯಸ್ಥರ ಬಳಿ ವಿಷಯ ತೆಗೆದರು. ಫೋನು ಪೆಟ್ಟಿಗೆ ಸೇರುವ ಹೊತ್ತಿನಲ್ಲಿ ಒಂದನ್ನು ಮುಟ್ಟಿದರೆ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕು, ಕೈಸನ್ನೆಯಲ್ಲಿ ಮಾತಾಡುವವರು ಎಷ್ಟು ಜನ ಇದ್ದಾರು, ಮುಂದಿನ ಮಾದರಿಯಲ್ಲಿ ನೋಡೋಣ ಎಂಬ ಉತ್ತರ ಬಂತು. ಒಂದು ಸಲ ಅಂಥವರ ಕೈಗೇ ಕೊಟ್ಟು ನೋಡುತ್ತೇನೆ ಎಂದು ಬೋಂಗ್ ಹಟ ಹಿಡಿದರು. ಹೊರಗಿನವರ ಕೈಗೆ ಈ ಫೋನು ಕೊಟ್ಟರೆ ಕೆಲಸ ಹೋಗುವ ನಿಯಮವಿತ್ತು. ಏನಾದರೂ ಎಡವಟ್ಟಾದರೆ ತನ್ನ ತಲೆಗೇ ಇರಲಿ ಎಂದು ಹೊಣೆ ಹೊತ್ತು ಅನುಮತಿ ಪಡೆದರು.

ಮುಂದಿನ ಭಾನುವಾರ ಬೋಂಗ್ ಒಂದು ಫೋನು ಹಿಡಿದು ತಮ್ಮ ಕಾರಿನಲ್ಲೇ ಕರಾವಳಿಯ ಆಸ್ಪತ್ರೆಗೆ ಹೋದರು. ಒಕ್‌ಬುನ್ ಅಷ್ಟರಲ್ಲಿ ಚೇತರಿಸಿಕೊಳ್ಳುವವರ ವಾರ್ಡಿಗೆ ಬಂದಿದ್ದಳು. ಇನ್ನೊಂದು ಫೋನು ಹಿಡಿದು ಮಾಲ್‌ಸೂನ್ ತಮ್ಮನ ಅಂಗಡಿಯಲ್ಲಿ ಕುಳಿತರು. ಚೂನ್‌ಶಿಕ್ ಕೆತ್ತುವಾಗ ಮುದ್ರೆಯನ್ನು ಬಿಗಿದಿಡುವ ಚೌಕಟ್ಟಿಗೆ ಫೋನನ್ನು ಆನಿಸಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ತಲೆಗೂದಲು ಒಂದು ಸಲ ನೀವಿಕೊಂಡ.

ಗಾಜಿನಲ್ಲಿ ಒಕ್‌ಬುನ್ ಕಂಡಳು. ತೀರ ಸೊರಗಿದ್ದೀಯ ಎಂದ ಇವನು. ನೀನೇ ಸೊರಗಿದ್ದೀಯ, ಬರೀ ನೂಡಲ್ಸ್ ತಿಂತಿದ್ದೀಯ ಅಲ್ವಾ ಎಂದಳು ಅವಳು. ಅಷ್ಟರಲ್ಲಿ ಗಾಜು ಕಪ್ಪಾಯಿತು. ಆಚೆ ಆಸ್ಪತ್ರೆಯಲ್ಲಿ ಒಕ್‌ಬುನ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೋಂಗ್ ಅವರತ್ತ ತಿರುಗಿ ಕೈಮುಗಿದು ತಲೆಬಾಗಿಸಿದಳು. ಅದನ್ನು ತಾನೇ ಕೆಡಿಸಿದೆ ಎಂದುಕೊಂಡು ಆಕೆ ಕ್ಷಮೆ ಕೇಳುತ್ತಿದ್ದಳು.

“ಆ ನಮಸ್ಕಾರ ನನಗೆ ತಡ್ಕೊಳ್ಳೋಕಾಗ್ಲಿಲ್ಲ” ಎಂದು ಬೋಂಗ್ ನನಗೆ ಹೇಳುತ್ತಾರೆ.

ಅವರು ಮತ್ತೆ ಕರೆ ಹಚ್ಚಿದರು. ಅದೂ ತುಂಡಾಯಿತು. ಮೂರನೆಯ ಸಲ ಕರೆ ಸೇರಿದ ಕೂಡಲೇ ಹಾಸಿಗೆಯ ಪಕ್ಕದಲ್ಲಿ ನಿಂತು, ಮಾಸ್ಕಿನೊಳಗಿಂದಲೇ ತಾವು ಮಾತಾಡಲು ಶುರುಮಾಡಿದರು. ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಮಗ್ಗಿ ಹೇಳಿದರು. ಸೈನ್ಯದಲ್ಲಿದ್ದಾಗ ಬಾಯಿಪಾಠ ಮಾಡಿಸಿದ್ದ ನಿಯಮಗಳನ್ನು ಒಪ್ಪಿಸಿದರು. ಗುಮಿಯಿಂದ ಬುಸಾನ್‌ವರೆಗಿನ ರೈಲು ನಿಲ್ದಾಣಗಳನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಹೇಳಿದರು. ಪಕ್ಕದ ಹಾಸಿಗೆಯ ಅಜ್ಜಿ, ಈ ಮನುಷ್ಯನಿಗೆ ಯಾವ ಕಾಯಿಲೆ ಎಂದು ನರ್ಸನ್ನು ಕೇಳಿದಳಂತೆ. ಅವರು ನಿಲ್ಲಿಸಲಿಲ್ಲ. ತಾನು ಮಾತಾಡುತ್ತಿರುವಷ್ಟು ಹೊತ್ತೂ ಆ ಗಂಡ ಹೆಂಡತಿ ಮಾತಾಡಬಹುದೆಂದು ಅವರಿಗೆ ಗೊತ್ತಿತ್ತು.

ಈಚೆ ಮಾಲ್‌ಸೂನ್‌ಗೆ ದನಿ ಕೂಡಿಸಲು ಗಂಟಲು ಇನ್ನೂ ಸರಿಹೋಗಿರಲಿಲ್ಲ. ತಮ್ಮನ ಕೈಗಳು ಓಡುವುದನ್ನು ನೋಡುತ್ತ, ಫೋನಿನಿಂದ ಕೇಳಿಬರುತ್ತಿದ್ದ ಮಗ್ಗಿಯನ್ನು ಆಲಿಸುತ್ತ ಅವರು ಕುಳಿತಿದ್ದರು. “ಏಳೊಂಬತ್ಲಿ ಅರವತ್ನಾಲ್ಕು ಅಂದ್ರು ಬೋಂಗ್ ಸಾರ್. ತಪ್ಪು ಅಂತ ಹೇಳೋಕೆ ದನಿ ಇರ್ಲಿಲ್ಲ. ನಗ್ತಾ ಇದ್ದೆ, ಕಣ್ಣಲ್ಲಿ ನೀರು ಸುರೀತಿತ್ತು. ಚೂನ್‌ಶಿಕ್ ನನ್ನ ನೋಡಿ, ಯಾಕಕ್ಕ, ಏನಾಯ್ತು ಅಂತ ಕೇಳ್ದ. ಏನಂತ ಹೇಳ್ಲಿ ಅವನಿಗೆ?”

ಸೋಮವಾರ ಬೋಂಗ್ ಮುಖ್ಯಸ್ಥರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಏನು ನಡೆಯಿತೆಂದು ಇಂದಿಗೂ ಬಾಯಿ ಬಿಡುವುದಿಲ್ಲ. ಹೊರಗೆ ಬಂದಾಗ ಅವರ ಮೆಚ್ಚಿನ ಉಪಾಯ ಫೋನಿನಿಂದ ಹೊರಬಿದ್ದಿತ್ತು. ಬಿಡುಗಡೆ ಮುಂದೆ ಹೋಯಿತು. ಆ ಉಪಾಯಕ್ಕೆಂದು ಅವರಿಗೆ ಸಿಗಬೇಕಿದ್ದ ಬಹುಮಾನವೂ ತಪ್ಪಿತು. ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕಾಯಿತು, ಅದೂ ಚಾಂದ್ರಮಾನ ಹೊಸ ವರ್ಷದ ಹಬ್ಬದ ರಜೆಯಲ್ಲಿ. ಬನ್ನಿ ಎಂದು ಯಾರೂ ಒತ್ತಾಯಿಸಲಿಲ್ಲ. ಆದರೂ ಬೋಕ್‌ಹಿ ಬಂದಳು, ಉಳಿದ ಹೆಂಗಸರೂ ಬಂದರು. ಹಬ್ಬದ ಅಕ್ಕಿ ಕಡುಬಿನ ಸಾರನ್ನು ಪಾತ್ರೆಯಲ್ಲಿ ಹೊತ್ತು ತಂದು, ಕಚೇರಿಯ ಮೆಟ್ಟಿಲ ಮೇಲೆ ಕೂತು ಹಂಚಿಕೊಂಡು ಉಂಡು, ಮತ್ತೆ ಬಸ್ಸು ಹತ್ತಿದರು. ಆ ದಿನಗಳಲ್ಲಿ ಇಡೀ ದಾರಿ ಬಾಯಿ ಮುಚ್ಚಿಕೊಂಡು ಕೈಯಾಡಿಸುವುದೇ ಪರೀಕ್ಷೆ. ಗಂಟಲು ಸರಿಹೋಗಿದ್ದ ಮಾಲ್‌ಸೂನ್‌ಗೆ ಅದರಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ ಎಂದು ಬೋಕ್‌ಹಿ ಕಣ್ಣು ಮಿಟುಕಿಸುತ್ತಾಳೆ.

ಕಳೆದ ತಿಂಗಳು ಫೋನು ಅಂಗಡಿಗೆ ಬಂತು. ಅದರ ಜೊತೆ ಬರುವ ಪುಸ್ತಿಕೆಯಲ್ಲಿ ಈ ಯಾವುದೂ ಇಲ್ಲ. ಇಲ್ಲದಿರುವ ಒಂದು ತೊಂದರೆಯ ಬಗ್ಗೆ ಯಾರು ಬರೆಯುತ್ತಾರೆ? ದೇಗುವಿನಿಂದ ಬಂದ ಕಿವುಡ ದಂಪತಿಗಳು ರೈಲು ನಿಲ್ದಾಣದ ಎದುರಿನ ಅಂಗಡಿಯಲ್ಲಿ ಎರಡು ಫೋನು ಹಿಡಿದು, ಒಬ್ಬರು ಬಾಗಿಲ ಹೊರಗೆ, ಒಬ್ಬರು ಒಳಗೆ ನಿಂತು ಬಹಳ ಹೊತ್ತು ಮಾತಾಡುವುದನ್ನು ನಾನೇ ನೋಡಿದೆ. ಅವರಿಗೆ ಮಾಲ್‌ಸೂನ್ ಯಾರೆಂದು ಗೊತ್ತಿಲ್ಲ. ಗೊತ್ತಾಗಲಿ ಎಂಬ ಆಸೆ ಮಾಲ್‌ಸೂನ್‌ಗೂ ಇಲ್ಲ.

“ನನಗ್ಯಾಕೆ ಹೆಸರು? ಗಂಟಲು ಕಟ್ಟಿದ್ದು ಬಿಟ್ರೆ ನಾನೇನು ಮಾಡ್ದೆ? ಕಂಡುಹಿಡಿದೋಳು ಬೋಕ್‌ಹಿ. ಸರಿ ಮಾಡ್ದೋರು ಬೋಂಗ್ ಸಾರ್. ತಾನು ಕಟ್ಟಿದ್ದನ್ನ ತಾನೇ ಕಿತ್ತು ಹಾಕೋದು ಸುಲಭಾನಾ? ನಮ್ಮನೇಲಿ ಸೋಯಾ ಪೇಸ್ಟ್ ಮಾಡ್ದಾಗೆಲ್ಲ ಮೊದಲ ಜಾಡಿ ಅವರ ಮನೆಗೆ” ಎನ್ನುತ್ತಾರೆ.

ಸೊನ್‌ಸಾನ್ ಸಂತೆಯಲ್ಲಿ ಬಸ್ಸಿಳಿದು, ಬಿಸಿ ಸಾರು ಅನ್ನದ ಬಟ್ಟಲಿನ ಮುಂದೆ ಕುಳಿತಾಗ ನಾನು ಒಕ್‌ಬುನ್ ಹೇಗಿದ್ದಾಳೆಂದು ಕೇಳುತ್ತೇನೆ. ಮೈ ತುಂಬಿಕೊಂಡಿದ್ದಾಳೆ, ಚೆರಿ ಹೂ ಬಿಡುವ ಹೊತ್ತಿಗೆ ಮನೆಗೆ ಕಳಿಸುತ್ತಾರಂತೆ. ಅಲ್ಲಿಯತನಕ ಗಂಡ ಹೆಂಡತಿ ದಿನಾ ಮಾಲ್‌ಸೂನ್ ಕೊಡಿಸಿದ ಎರಡು ಫೋನುಗಳಲ್ಲಿ ಸಿಗುತ್ತಾರೆ. ಏನು ಮಾತಾಡುತ್ತಾರೆ ಎಂದರೆ ಮಾಲ್‌ಸೂನ್ ಚಮಚ ಕೆಳಗಿಟ್ಟು ನಗುತ್ತಾರೆ.

“ಏನು ಮಾತಾಡ್ತಾರೆ, ಜಗಳ ಆಡ್ತಾರೆ. ಹಾಸಿಗೆ ಬಿಸಿಲಿಗೆ ಹಾಕಿಲ್ಲ, ಕಿಮ್ಚಿ ಜಾಡಿ ಮುಚ್ಚಿಲ್ಲ, ಅಂಗಡಿ ಗಾಜು ಒರೆಸಿಲ್ಲ ಅಂತ ಅವಳು ಬಯ್ತಾಳೆ. ಉತ್ತರ ಹೊಳೀದೇ ಇದ್ರೆ ಇವನು ಫೋನನ್ನ ಛಾವಣಿ ಕಡೆ ತಿರುಗಿಸಿಬಿಡ್ತಾನೆ. ಮನೇಲಿದ್ದಾಗ ಕಣ್ಣು ಮುಚ್ಕೊಂಡ್ಬಿಡ್ತಿದ್ದ, ಹಂಗೆ. ಅವಳೇನು ಬಿಡ್ತಾಳಾ? ಛಾವಣಿ ನೋಡ್ಕೊಂಡು ಕೂತಿರ್ತಾಳೆ, ಅವನು ವಾಪಸ್ ತಿರುಗಿಸೋ ತನಕ ಕಾಯ್ತಾಳೆ.”

ಬಟ್ಟಲಿನ ಕೊನೆಯ ಸಾರು ಕುಡಿದು, ಬಾಯಿ ಒರೆಸಿಕೊಂಡು ಅವರು ಗವಸು ಹಾಕಿಕೊಳ್ಳುತ್ತಾರೆ. ಮುಂದಿನ ಬಸ್ಸಿಗೆ ಹೊತ್ತಾಗಿದೆ.

“ಈಗ ಫೋನೂ ಕಾಯುತ್ತೆ.”