ಅತ್ತೆಗೆ ಗುರುತು ಸಿಗದ ದನಿ

ನಮ್ಮ ಯಜಮಾನರು ಬಹಳ ವರ್ಷ ರೇಡಿಯೋದಲ್ಲಿ ಮಾತಾಡಿದರು. ಮಳೆ ಬೆಳೆ ಸುದ್ದಿ, ರೈತರ ಕಾಗದಕ್ಕೆ ಉತ್ತರ, ದನದ ಕಾಯಿಲೆಗೆ ಮದ್ದು, ಎಲ್ಲಾ ಇವರ ಬಾಯಲ್ಲೇ ಕೇಳಬೇಕು ಅನ್ನೋ ಜನ ಇದ್ದರು. ಇವರಿಗೆ ಶುರುವಿನಲ್ಲಿ ಹಕಾರವೇ ಬರುತ್ತಿರಲಿಲ್ಲ ಅಂದರೆ ಈಗ ಯಾರೂ ನಂಬೋದಿಲ್ಲ.

ನಲವತ್ತರ ದಶಕದ ಮಾತು. ತೂಬಗೆರೆ ಕಡೆಯ ಬೇಸಾಯದ ಮನೆ ನಮ್ಮದು. ಅಲ್ಲಿ ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಮೈಸೂರಿನಲ್ಲಿ ರೇಡಿಯೋದ ಹಳ್ಳಿ ಕಾರ್ಯಕ್ರಮ ಓದೋ ಕೆಲಸಕ್ಕೆ ಇವರು ಹೋದಾಗ ತೊಂದರೆ ಬಂತು. ಪರೀಕ್ಷೆಗೆ ಓದುವಾಗ, ಹಸುಗಳನ್ನು ನೆರಳಲ್ಲಿ ಕಟ್ಟಿ ಅನ್ನೋ ಬದಲು ಅಸುಗಳನ್ನು ನೆರಳಲ್ಲಿ ಕಟ್ಟಿ ಅಂದರಂತೆ. ಅಸು ಅಂದರೆ ಪ್ರಾಣ, ಅದನ್ನು ಯಾವ ಗೂಟಕ್ಕೆ ಕಟ್ಟೋದು ಅಂತ ಅಲ್ಲಿನ ಸಾಹೇಬರು ನಕ್ಕರಂತೆ. ದನಿ ಚೆನ್ನಾಗಿದೆ, ಹದಿನೈದು ದಿನದಲ್ಲಿ ನಾಲಗೆ ತಿದ್ದಿಕೊಂಡು ಬಾ, ಒಂದು ಸಂಜೆ ಓದಿಸಿ ನೋಡುತ್ತೇವೆ, ತಪ್ಪಿದರೆ ಇಲ್ಲ ಅಂತ ಹೇಳಿ ಕಳಿಸಿದರು.

ನನಗೆ ಹಕಾರ ಬರುತ್ತಿತ್ತು. ಓದಿ ಬಂದದ್ದಲ್ಲ. ತವರಿನಲ್ಲಿ ಅಜ್ಜಿ ದೇವರ ಮುಂದೆ ಕೂರಿಸಿಕೊಂಡು ಹರಿ ಅನ್ನೆ ಅನ್ನೋರು. ಅರಿ ಅಂದರೆ ತೊಡೆಗೆ ಒಂದು ಬೀಳುತ್ತಿತ್ತು. ಅರಿ ಅಂದರೆ ಶತ್ರು, ದೇವರನ್ನು ಹಾಗೆ ಕರೀತಾರಾ ಅಂತ. ಅದನ್ನೇ ಇವರಿಗೆ ಹೇಳಿಕೊಟ್ಟೆ. ಬೆಳಗ್ಗೆ ನಾನು ಹಾಲು ಕರೆಯುತ್ತಿದ್ದರೆ ಇವರು ಕೊಟ್ಟಿಗೆ ಕಂಬಕ್ಕೆ ಒರಗಿ ಹರಿ, ಹಾಲು, ಹಸು ಅನ್ನೋರು. ಹುರುಪು ಹೆಚ್ಚಾದರೆ ಎಮ್ಮೆಗೂ ಹಕಾರ ಹಚ್ಚಿ ಹೆಮ್ಮೆ ಮಾಡೋರು. ಎಂಡ್ತಿ ತಾವ ಮಗ್ಗಿ ಕಲೀತಾವ್ನೆ ಅಂತ ಅತ್ತೆ ಚುಚ್ಚಿದರೂ ಇವರು ಬೇಜಾರು ಮಾಡಿಕೊಳ್ಳಲಿಲ್ಲ. ಅದೂ ಒಂದು ಭಾಗ್ಯವೇ.

ಹದಿನೈದು ದಿನ ಕಳೆದು ಇವರು ಮೈಸೂರಿಗೆ ಹೋದರು. ಓದಿಸಿ ನೋಡೋ ಆ ಸಂಜೆ ನಾನು ದೀಪ ಹಚ್ಚಿ, ದೇವರಿಗೆ ಹರಕೆ ಹೊತ್ತು, ಅತ್ತೆಯನ್ನು ಕರೆದುಕೊಂಡು ಸ್ಕೂಲಿಗೆ ಹೋದೆ. ಊರಿಗೆಲ್ಲ ಇದ್ದದ್ದು ಅಲ್ಲಿನ ಬ್ಯಾಟರಿ ರೇಡಿಯೋ ಒಂದೇ. ಗಂಡಸರು ಒಳಗೆ, ನಾವು ಕಿಟಕಿ ಆಚೆ. ಗೊರಗೊರ ಸದ್ದಿನ ನಡುವೆ ಇವರ ದನಿ ಬಂತು. ಹಸು ಹಸುವಾಗೇ ಬಂತು, ಎಮ್ಮೆ ಎಮ್ಮೆಯಾಗೇ ಹೋಯಿತು. ಒಂದೊಂದು ಹಕಾರಕ್ಕೂ ನಾನು ಸೆರಗಿನೊಳಗೇ ಕೈ ಮುಗಿದೆ.

ಮುಗಿದ ಮೇಲೆ ಅತ್ತೆ, "ನಮ್ಮೋನು ಯಾವಾಗ ಮಾತಾಡ್ತಾನೆ?" ಅಂದರು.

"ಇಷ್ಟೊತ್ತು ಮಾತಾಡಿದ್ದು ಅವರೇ, ಅತ್ತೆ."

"ಸುಮ್ಕಿರು. ಅವನ್ಯಾರೋ ಪ್ಯಾಟೆಯೋನು. ನನ್ ಮಗ ಅಂಗೆ ಮಾತಾಡಾಕಿಲ್ಲ."

ವಾರದಲ್ಲೇ ಇವರು ಬಂದು ಕೆಲಸ ಖಾಯಂ ಆಯಿತು ಅಂದರು. ಮೈಸೂರಲ್ಲಿ ಮನೆ ಮಾಡೋದೂ ಗೊತ್ತಾಯಿತು. ಅದು ತಮ್ಮ ಮಗನ ದನಿಯೇ ಅಂತ ಅತ್ತೆ ಆಗ ಒಪ್ಪಿಕೊಂಡರು, ಆದರೆ ಮುಖ ಗೆಲುವಾಗಲಿಲ್ಲ. ಹೊರಡುವ ಬೆಳಗ್ಗೆ ನನ್ನನ್ನು ಅಡಿಗೆಮನೆಗೆ ಕರೆದು, ಮಗನಿಗೆ ಕೇಳಿಸದ ಹಾಗೆ, "ಅಲ್ಲಿಗೆ ಓದ್ಮೇಲೆ ಮನೇಲೂ ಅಂಗೇ ಮಾತಾಡಾನೇನಮ್ಮಿ?" ಅಂದರು.

"ಇಲ್ಲ ಅತ್ತೆ. ಮನೇಲಿ ನಿಮ್ಮ ಮಗನಾಗೇ ಇರ್ತಾರೆ."

ಅವರ ಸಮಾಧಾನಕ್ಕೆ ಅಂತ ಆಡಿದ ಮಾತು, ಆಗ ನನಗೇನು ಗೊತ್ತಿತ್ತು. ದೇವರು ದೊಡ್ಡವನು, ಅದನ್ನು ಸುಳ್ಳು ಮಾಡಲಿಲ್ಲ. ಮುಂದೆ ಎಷ್ಟೋ ವರ್ಷ, ದೊಡ್ಡ ಸಾಹೇಬರು ಬಂದು ಹಜಾರದಲ್ಲಿ ಕೂತಿದ್ದಾಗಲೂ, ಇವರು ಒಳಕ್ಕೆ ತಿರುಗಿ "ಲೇ, ಒಸಿ ಏನಾರ ಕೊಡು, ಒಟ್ಟೆ ಅಸೀತದೆ" ಅನ್ನೋರು.